ಹೈಫಾಕ್ಕೆ ಹೊರಟಿರುವ ತಮ್ಮನಿಗೆ

ಉಳ್ಳಾಲದಿಂದ ನೀವು ಎರಡು ಪ್ರಶ್ನೆಗಳನ್ನು ಕೇಳಿದ್ದೀರಿ. ವೃದ್ಧರ ಆರೈಕೆಯ ಕೆಲಸಕ್ಕೆ ಇಸ್ರೇಲಿನ ವೀಸಾ ಬಂದಿದೆ, ಆದರೆ ನನ್ನದು ಬ್ಯಾರಿ ಮುಸ್ಲಿಂ ಹೆಸರು, ವಿಮಾನ ನಿಲ್ದಾಣದಲ್ಲಿ ನನ್ನನ್ನು ಹೇಗೆ ನಡೆಸಿಕೊಳ್ಳುತ್ತಾರೆ ಎಂಬುದು ಮೊದಲನೆಯದು. ಅಲ್ಲಿ ಯಹೂದಿಗಳೂ ಪ್ಯಾಲೆಸ್ತೀನಿಯರೂ ಸ್ನೇಹಿತರಾಗಿರುವುದು ನಿಜವೋ, ಪತ್ರಿಕೆಯವರು ಹೇಳುವ ಕಥೆಯೋ ಎಂಬುದು ಎರಡನೆಯದು. ಕಾರ್ಕಳದ ಕಡೆಯ ಶಾಲೆಯೊಂದರಲ್ಲಿ ಕನ್ನಡ ಪಾಠ ಹೇಳುತ್ತಿದ್ದ ನಾನು ಹೈಫಾಕ್ಕೆ ಬಂದು ಹದಿನಾರು ವರ್ಷಗಳಾದವು. ಆರೈಕೆಯ ವೀಸಾ ಸಾಮಾನ್ಯವಾಗಿ 63 ತಿಂಗಳಿಗೆ ಮುಗಿಯುತ್ತದೆ. ಅದೇ ರೋಗಿಯ ಬಳಿ ಇದ್ದರೆ ಮುಂದುವರಿಯಬಹುದು, ನಾನು ನೋಡಿಕೊಳ್ಳುವ ಅಜ್ಜಿ ತೊಂಬತ್ತು ದಾಟಿಯೂ ಗಟ್ಟಿಯಾಗಿರುವುದರಿಂದ ನಾನೂ ಇಲ್ಲಿ ಉಳಿದಿದ್ದೇನೆ. ಇಷ್ಟು ವರ್ಷ ಕಂಡದ್ದರಿಂದ ಹೇಳುವುದಾದರೆ, ನಿಮ್ಮ ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಉತ್ತರಿಸಲು ಬರುವುದಿಲ್ಲ.

ಮೊದಲು ನಿಲ್ದಾಣದ ಮಾತು. ಬೆನ್ ಗುರಿಯನ್‌ನಲ್ಲಿ ಇಳಿದ ಮೇಲೆ ನಿಮ್ಮನ್ನು ಪಕ್ಕದ ಕೋಣೆಯಲ್ಲಿ ಕೂರಿಸಬಹುದು. ಹಾಗೆ ಕೂರಿಸುತ್ತಾರೆಂದೇ ತಿಳಿದು ಹೊರಡಿ. ತಂದೆಯ ಹೆಸರು, ಅಜ್ಜನ ಹೆಸರು, ಕೊಲ್ಲಿ ದೇಶಗಳಲ್ಲಿ ಯಾರಿದ್ದಾರೆ, ಯಾವಾಗ ಹೋಗಿದ್ದಿರಿ ಎಂದು ಕೇಳುತ್ತಾರೆ, ಸ್ವಲ್ಪ ಹೊತ್ತಿನ ನಂತರ ಬೇರೊಬ್ಬರು ಬಂದು ಅದನ್ನೇ ಮತ್ತೆ ಕೇಳುತ್ತಾರೆ. ಕೇಳಿದ್ದಕ್ಕೆ ಮಾತ್ರ ಉತ್ತರಿಸಿ, ನಗೆಚಾಟಿಕೆ ಬೇಡ, ಉದ್ಯೋಗದಾತರ ಪತ್ರವೂ ದೂರವಾಣಿ ಸಂಖ್ಯೆಯೂ ಕಾಗದದ ಮೇಲೆ ಕೈಯಲ್ಲಿರಲಿ. ಸಾಮಾನ್ಯವಾಗಿ ಪಾಸ್‌ಪೋರ್ಟಿಗೆ ಮುದ್ರೆ ಒತ್ತುವುದಿಲ್ಲ, ಒಂದು ಸಣ್ಣ ನೀಲಿ ಚೀಟಿ ಕೊಡುತ್ತಾರೆ, ಅದನ್ನು ಜೋಪಾನವಾಗಿಡಿ. ದೇಶ ಬಿಡುವಾಗ ಪಾಸ್‌ಪೋರ್ಟಿನ ಹಿಂಬದಿಗೆ ಅಂಟಿಸುವ ಪಟ್ಟಿಯಲ್ಲಿ ಉದ್ದನೆಯ ಸಂಖ್ಯೆಯೊಂದಿರುತ್ತದೆ. ಅದರ ಮೊದಲ ಅಂಕಿ 1 ಆದರೆ ಅನುಮಾನವಿಲ್ಲ, 6 ಆದರೆ ಚೀಲದ ಹೊಲಿಗೆಯವರೆಗೆ ನೋಡುತ್ತಾರೆ ಎಂಬುದು ಇಲ್ಲಿ ಓಡಾಡುವವರೆಲ್ಲರ ತಿಳಿವಳಿಕೆ. ನನ್ನದು ಕ್ರೈಸ್ತ ಹೆಸರಾದ್ದರಿಂದ ನಾನು ಹೆಚ್ಚು ಕಷ್ಟವಿಲ್ಲದೆ ಪಾರಾದವಳು. ಇದನ್ನು ಮುಚ್ಚಿಟ್ಟು ನಿಮಗೆ ಧೈರ್ಯ ಹೇಳಿದರೆ ಅದು ಮೋಸವಾಗುತ್ತದೆ.

ಇಷ್ಟು ಭಯಕ್ಕೆ ಕಾರಣವಿಲ್ಲವೆಂದು ನಾನು ಹೇಳುವುದಿಲ್ಲ. 1972ರ ಮೇ 30ರಂದು ಇದೇ ನಿಲ್ದಾಣದಲ್ಲಿ ಇಪ್ಪತ್ತಾರು ಮಂದಿ ಕೊಲ್ಲಲ್ಪಟ್ಟರು. ಆದರೆ ಗುಂಡು ಹಾರಿಸಿದ ಮೂವರೂ ಜಪಾನೀಯರಾಗಿದ್ದರು. ಅರಬ್ ಮುಖಗಳನ್ನು ಹುಡುಕುತ್ತಿದ್ದ ಕಣ್ಣುಗಳಿಗೆ ಅವರು ಬೀಳಲಿಲ್ಲ. 1986ರಲ್ಲಿ ಲಂಡನ್ನಿನ ಹೀಥ್ರೋ ನಿಲ್ದಾಣದಲ್ಲಿ ಇಸ್ರೇಲಿ ವಿಮಾನ ಹತ್ತಲಿದ್ದ ಐರಿಷ್ ಗರ್ಭಿಣಿಯೊಬ್ಬಳ ಚೀಲದಲ್ಲಿ, ಅವಳಿಗೇ ತಿಳಿಯದಂತೆ ಅವಳ ಪ್ರಿಯಕರ ಇರಿಸಿದ್ದ ಬಾಂಬನ್ನು ಕಾವಲುಗಾರರು ಪತ್ತೆ ಹಚ್ಚಿದರು. ಅಲ್ಲಿ ನೆರವಾದದ್ದು ಅವಳ ಜನಾಂಗವಲ್ಲ, ತಾಳ್ಮೆಯಿಂದ ಪ್ರಶ್ನೆ ಕೇಳಿ ಚೀಲವನ್ನು ಸರಿಯಾಗಿ ನೋಡಿದ್ದು. ಈ ಎರಡನ್ನೂ ಬಲ್ಲವರೇ ಹೆಸರನ್ನು ಓದಿ ಸಾಲು ಬೇರ್ಪಡಿಸುತ್ತಾರೆ, ನನಗೆ ಇಂದಿಗೂ ಅರ್ಥವಾಗದಿರುವುದು ಅದು. ಇಸ್ರೇಲಿನ ಐವರು ನಿವಾಸಿಗಳಲ್ಲಿ ಒಬ್ಬರು ಅರಬರು, ಅವರಲ್ಲಿ ಹೆಚ್ಚಿನವರು ಇದೇ ದೇಶದ ಪೌರರು. ಅವರನ್ನು ಹೀಗೆ ಪ್ರತ್ಯೇಕಿಸಬಾರದೆಂದು ನಾಗರಿಕ ಹಕ್ಕುಗಳ ಸಂಘಟನೆಯೊಂದು 2007ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ತಪಾಸಣೆಯ ಯಂತ್ರಗಳು ಬದಲಾಗುತ್ತಿವೆ ಎಂಬುದನ್ನು ಗಮನಿಸಿದ ನ್ಯಾಯಾಲಯ 2015ರಲ್ಲಿ ಅರ್ಜಿಯನ್ನು ಮುಗಿಸಿತು. ಪಶ್ಚಿಮ ದಂಡೆಯ ಪ್ಯಾಲೆಸ್ತೀನಿಯರಿಗಂತೂ ಸಾಮಾನ್ಯವಾಗಿ ಈ ನಿಲ್ದಾಣದ ಬಾಗಿಲೇ ತೆರೆದಿಲ್ಲ. ಅವರು ಅಲೆನ್ಬಿ ಸೇತುವೆ ದಾಟಿ ಜೋರ್ಡಾನಿಗೆ ಹೋಗಿ ಅಮ್ಮಾನ್‌ನಿಂದ ವಿಮಾನ ಹತ್ತಬೇಕು.

ಇನ್ನು ಸ್ನೇಹದ ಮಾತು. ನನ್ನ ಅಜ್ಜಿ ಯಹೂದಿ. ಅವರ ನಲವತ್ತು ವರ್ಷಗಳ ಗೆಳತಿ ಹೈಫಾದ ವಾದಿ ನಿಸ್ನಾಸ್ ಬಡಾವಣೆಯ ಪ್ಯಾಲೆಸ್ತೀನಿ ಮಹಿಳೆ. ಒಂದೇ ವಾರ್ಡಿನಲ್ಲಿ ದಾದಿಯರಾಗಿ ದುಡಿದವರು. ಕೆಲವು ವರ್ಷಗಳ ಹಿಂದೆ ಅಜ್ಜಿಯ ಮೊಮ್ಮಗಳ ಮದುವೆಗೆಂದು ನಾವು ಮೂವರೂ ಯುರೋಪಿನ ನಗರವೊಂದಕ್ಕೆ ಹೋಗಿದ್ದೆವು. ಮರಳುವಾಗ ಅಲ್ಲಿ ಇಸ್ರೇಲಿ ವಿಮಾನದ ಭದ್ರತಾ ಮೇಜಿನಲ್ಲಿ ಅಜ್ಜಿಯ ಗಾಲಿಕುರ್ಚಿ ಎರಡು ನಿಮಿಷದಲ್ಲಿ ದಾಟಿತು, ನನ್ನನ್ನು ಹತ್ತು ನಿಮಿಷ ಮಾತನಾಡಿಸಿದರು, ಗೆಳತಿಯನ್ನು ಒಳಗೆ ಕರೆದುಕೊಂಡು ಹೋದವರು ಒಂದೂವರೆ ಗಂಟೆಯಾದರೂ ಬಿಡಲಿಲ್ಲ. ಅಜ್ಜಿ ಕುರ್ಚಿಯನ್ನು ಹಿಂದಕ್ಕೆ ತಿರುಗಿಸಲು ಹೇಳಿ, ‘ನನ್ನ ಚೀಲವನ್ನೂ ತೆರೆಯಿರಿ, ನಮ್ಮಿಬ್ಬರದೂ ಒಂದೇ ದೇಶದ ಪಾಸ್‌ಪೋರ್ಟ್’ ಎಂದು ಹಟ ಹಿಡಿದರು. ಕೊನೆಗೆ ತೆರೆದರು, ಒಳ ಉಡುಪಿನ ಜೊತೆ ಮದುವೆಯ ಮನೆಯಿಂದ ತಂದಿದ್ದ ಕೇಕಿನ ತುಂಡೂ ಹೊರಬಂತು.

ಗೆಳತಿ ಸಂತೋಷಪಟ್ಟಿರಬೇಕೆಂದು ನಾನು ಭಾವಿಸಿದ್ದೆ. ವಿಮಾನದಲ್ಲಿ ಅವರು ಒಂದು ಮಾತನ್ನೂ ಆಡಲಿಲ್ಲ. ಮನೆ ಮುಟ್ಟಿದ ಮೇಲೆ, ‘ನೀನು ಬೇಕೆಂದು ನಿಂತೆ, ನಾನು ಬೇರೆ ದಾರಿಯಿಲ್ಲದೆ ನಿಂತೆ, ಎರಡನ್ನೂ ಒಂದು ಮಾಡಬೇಡ’ ಎಂದು ಹೇಳಿ ಹೊರಟುಹೋದರು. ಮೂರು ವಾರ ಅವರು ನಮ್ಮ ಮನೆಯ ಮೆಟ್ಟಿಲು ಹತ್ತಲಿಲ್ಲ, ಅಜ್ಜಿಯೂ ಕರೆ ಮಾಡಲಿಲ್ಲ. ನಾಲ್ಕನೆಯ ವಾರ ಅಜ್ಜಿಗೆ ಜ್ವರ ಬಂದಾಗ ನಾನೇ ತಿಳಿಸಿದೆ. ಬಂದರು, ಬೈದರು, ಸಾರು ಮಾಡಿಟ್ಟು ಹೋದರು.

ನೀವು ಕೇಳಿದ ಸ್ನೇಹ ಇಲ್ಲಿ ಈ ಬಗೆಯದು. ಸಾರ್ವಜನಿಕವಾಗಿ ತಿಳಿದಿರುವ ದೊಡ್ಡ ಉದಾಹರಣೆಗಳೂ ಇವೆ. 1997ರಲ್ಲಿ ಜೆರುಸಲೇಮಿನ ಆತ್ಮಾಹುತಿ ದಾಳಿಯಲ್ಲಿ ಮಗಳನ್ನು ಕಳೆದುಕೊಂಡ ರಾಮಿ ಎಲ್ಹನಾನ್, 2007ರಲ್ಲಿ ಇಸ್ರೇಲಿ ಗಡಿ ಪೊಲೀಸರ ರಬ್ಬರ್ ಗುಂಡಿಗೆ ಹತ್ತು ವರ್ಷದ ಮಗಳನ್ನು ಕಳೆದುಕೊಂಡ ಬಸ್ಸಾಮ್ ಅರಾಮಿನ್ ಒಡನಾಡಿಗಳಾಗಿ ವೇದಿಕೆಗಳಲ್ಲಿ ಮಾತನಾಡುತ್ತಾರೆ. ಸಹೋದರನನ್ನು ಹಮಾಸ್ ಕೊಂದ ಮೇಲೆ ಯುವಾಲ್ ರೋತ್ ಕಟ್ಟಿದ ‘ರೋಡ್ ಟು ರಿಕವರಿ’ಯ ಸ್ವಯಂಸೇವಕರು ಪ್ಯಾಲೆಸ್ತೀನಿ ರೋಗಿಗಳನ್ನು ತಪಾಸಣಾ ಠಾಣೆಯಿಂದ ಇಸ್ರೇಲಿ ಆಸ್ಪತ್ರೆಗಳಿಗೆ ತಮ್ಮ ಕಾರಿನಲ್ಲಿ ಕರೆದೊಯ್ಯುತ್ತಾರೆ. ಹಾಗೆ ಕರೆದೊಯ್ಯುತ್ತಿದ್ದ ವಿವಿಯನ್ ಸಿಲ್ವರ್ 2023ರ ಅಕ್ಟೋಬರ್ 7ರ ಹಮಾಸ್ ದಾಳಿಯಲ್ಲಿ, ಗಾಜಾ ಗಡಿಯ ಬಳಿಯ ಬೆಯೆರಿಯ ತಮ್ಮ ಮನೆಯಲ್ಲಿ ಕೊಲ್ಲಲ್ಪಟ್ಟರು. ಆ ದಿನ ಮತ್ತು ಅದರ ನಂತರ ಗಾಜಾದಲ್ಲಿ ನಡೆದದ್ದು ಎಷ್ಟೋ ಮನೆಗಳ ನಡುವಿನ ಮಾತನ್ನು ನಿಲ್ಲಿಸಿಬಿಟ್ಟಿವೆ. ನಮ್ಮ ಮನೆಯಲ್ಲಿ ಸುದ್ದಿ ಬರುವ ಹೊತ್ತಿಗೆ ಗೆಳತಿ ಇದ್ದರೆ ಅಜ್ಜಿ ಟಿ.ವಿ.ಯನ್ನು ಆರಿಸುತ್ತಾರೆ, ಆರಿಸಿದ್ದು ಏಕೆಂದು ಇಬ್ಬರಿಗೂ ಗೊತ್ತು.

ತಪಾಸಣಾ ಠಾಣೆಗೆ ಹೀಬ್ರೂವಿನಲ್ಲಿ ‘ಮಹ್ಸೋಮ್’ ಎನ್ನುತ್ತಾರೆ. ಪ್ಯಾಲೆಸ್ತೀನಿಯರು ಅರಬ್ಬಿಯಲ್ಲಿ ಮಾತನಾಡುವಾಗಲೂ ಅದೇ ಪದವನ್ನು ಬಳಸುತ್ತಾರೆ. ಹೀಬ್ರೂ ಯುವಕರ ಬಾಯಲ್ಲಿ ‘ಯಲ್ಲಾ’, ‘ಸಬಾಬಾ’, ‘ಅಹ್ಲಾನ್’ ಎಂಬ ಅರಬ್ಬಿ ಮಾತುಗಳು ದಿನಕ್ಕೆ ನೂರು ಸಲ ಬರುತ್ತವೆ. ಯಾವ ಪದ ಯಾವ ಕಡೆಗೆ ಹೋಯಿತು ಎಂಬುದನ್ನು ಇಲ್ಲಿ ಭಾಷೆ ಕಲಿಯುವಾಗ ನೀವೇ ಗಮನಿಸುವಿರಿ.

ಅವರಿಬ್ಬರೂ ಈಗಲೂ ಜೊತೆಯಾಗಿ ಪ್ರಯಾಣ ಮಾಡುತ್ತಾರೆ, ಆದರೆ ಪದ್ಧತಿ ಬದಲಾಗಿದೆ. ನಿಲ್ದಾಣಕ್ಕೆ ನಾಲ್ಕು ಗಂಟೆ ಮುಂಚೆ ಹೋಗುತ್ತೇವೆ. ಅಜ್ಜಿ ಹಿಂದಕ್ಕೆ ತಿರುಗುವುದಿಲ್ಲ, ಮುಂದೆ ಹೋಗಿ ಎರಡು ಕಾಫಿ ತರಿಸಿ ಕೂರುತ್ತಾರೆ. ಗೆಳತಿ ಬರುವಷ್ಟರಲ್ಲಿ ಒಂದು ತಣ್ಣಗಾಗಿರುತ್ತದೆ, ಅವರು ಅದನ್ನೇ ಕುಡಿಯುತ್ತಾರೆ.

ನಿಮ್ಮ ವಿಮಾನದ ದಿನವನ್ನೂ ಸಮಯವನ್ನೂ ಬರೆದು ತಿಳಿಸಿ. ಇಳಿದ ತಕ್ಷಣ ಹೊರಬರುವಿರೆಂದು ನಿಮ್ಮ ಮನೆಯವರಿಗೆ ಹೇಳಬೇಡಿ, ಆರು ಗಂಟೆ ಸುದ್ದಿಯಿಲ್ಲದಿದ್ದರೂ ಗಾಬರಿಯಾಗದಂತೆ ಹೇಳಿಡಿ. ನಾನು ಹೊರಗಿನ ಸಭಾಂಗಣದಲ್ಲಿ ಇರುತ್ತೇನೆ.