ಸಿಗ್ನಲ್‌ನಲ್ಲಿ ನಿಂತಾಗ ಮಾತ್ರ ಇಂಜಿನ್ ಬಿಸಿಯಾಗುತ್ತದೆ. ರೇಡಿಯೇಟರ್ ಬದಲಿಸಬೇಕಾ, ಥರ್ಮೋಸ್ಟಾಟ್ ತೆಗೆಸಬೇಕಾ?

ಎರಡೂ ಬೇಡ. (ಥರ್ಮೋಸ್ಟಾಟ್ ಅಂದರೆ ಇಂಜಿನ್ ಬಿಸಿಯಾಗುವ ತನಕ ನೀರನ್ನು ರೇಡಿಯೇಟರ್‌ಗೆ ಬಿಡದೆ ತಡೆಯುವ ವಾಲ್ವ್.) ಯಾರಿಗೂ ದುಡ್ಡು ಕೊಡುವ ಮೊದಲು ಬಾನೆಟ್ ಎತ್ತಿ ರೇಡಿಯೇಟರ್ ಫ್ಯಾನ್ ತಿರುಗುತ್ತಿದೆಯಾ ನೋಡಿ. ಹೈವೇಯಲ್ಲಿ ಟೆಂಪರೇಚರ್ ಮೀಟರಿನ ಮುಳ್ಳು ಅರ್ಧ ದಾಟಲ್ಲ, ಸಿಗ್ನಲ್‌ನಲ್ಲಿ ನಿಂತರೆ ಕೆಂಪು ಗೆರೆ ಮುಟ್ಟುತ್ತೆ ಅಂತ ನೀವೇ ಬರೆದಿದ್ದೀರಿ. ನನ್ನ ಕಾರಿನದೂ ಇದೇ ಕತೆ.

ಹಳೆಯ ಪೆಟ್ರೋಲ್ ಕಾರು, ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡಿದ್ದು. ತುಮಕೂರಿಗೆ ಹೋಗಿ ಬಂದರೂ ಏನೂ ಆಗುತ್ತಿರಲಿಲ್ಲ. ಬೆಂಗಳೂರಿನ ಟಿನ್ ಫ್ಯಾಕ್ಟರಿ ಜಾಮ್‌ನಲ್ಲಿ ಸಿಕ್ಕಿಕೊಂಡರೆ ಮುಳ್ಳು ಏರುತ್ತಿತ್ತು. ಗ್ಯಾರೇಜಿನವರು "ರೇಡಿಯೇಟರ್ ಬ್ಲಾಕ್ ಆಗಿದೆ ಸಾರ್" ಅಂದರು. ಹೊಸದು ಹಾಕಿಸಿದೆ. ಮತ್ತೆ ಅದೇ ಹಾಡು. "ಹಂಗಾದ್ರೆ ಥರ್ಮೋಸ್ಟಾಟ್ ತೆಗ್ದ್‌ಬಿಡೋಣ, ನಮ್ಮ ಹವಾಗೆ ಅದ್ಯಾಕೆ" ಅಂದರು. ಅದನ್ನೂ ತೆಗೆದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಹೈವೇಯಲ್ಲಿ ಇಂಜಿನ್ ಸರಿಯಾಗಿ ಬಿಸಿಯೇ ಆಗದೆ ಮೈಲೇಜ್ ಬಿತ್ತು. ಜಾಮ್‌ನಲ್ಲಿ ಮುಳ್ಳು ಏರುವುದು ಮಾತ್ರ ನಿಲ್ಲಲಿಲ್ಲ.

ಇನ್ನು ನಾನು ಮಾಡಿದ ಎಡವಟ್ಟು. ಸ್ವಲ್ಪ ಉದ್ದ ಹೇಳುತ್ತೇನೆ, ಯಾಕಂದ್ರೆ ಇದನ್ನು ಜಾಸ್ತಿ ಜನ ಮಾಡುತ್ತಾರೆ. ಮುಳ್ಳು ಏರಿದರೆ ಎಸಿ ಆಫ್ ಮಾಡು ಅಂತ ಎಲ್ಲರೂ ಹೇಳುತ್ತಾರಲ್ವಾ? ನಾನೂ ಹಾಗೇ ಮಾಡುತ್ತಿದ್ದೆ. ಆ ಸಲಹೆ ತಪ್ಪಲ್ಲ. ಎಸಿ ಇಂಜಿನ್ ಮೇಲೆ ಹೊರೆ ಹಾಕುತ್ತದೆ, ಅದರ ಕಂಡೆನ್ಸರ್ (ಎಸಿಯ ಬಿಸಿ ಹೊರಹಾಕುವ ಜಾಲರಿ) ಬಿಸಿ ಗಾಳಿಯನ್ನು ಹಿಂದಿರುವ ರೇಡಿಯೇಟರ್‌ಗೆ ಕೊಡುತ್ತದೆ. ಆದರೆ ಫ್ಯಾನ್ ಸರಿಯಿದ್ದರೆ ಮಾತ್ರ ಆ ಸಲಹೆ ಕೆಲಸ ಮಾಡುತ್ತದೆ. ನನ್ನ ಕಾರಿನಲ್ಲಿ ಇದ್ದದ್ದು ಒಂದೇ ಫ್ಯಾನ್. ಅದು ಆನ್ ಆಗಲು ಎರಡು ದಾರಿ. ಕೂಲೆಂಟ್ (ಇಂಜಿನ್ ತಣ್ಣಗಿಡುವ ನೀರು) 95 ಡಿಗ್ರಿ ಆಸುಪಾಸಿಗೆ ಬಂದಾಗ ರೇಡಿಯೇಟರ್‌ನಲ್ಲಿರುವ ಫ್ಯಾನ್ ಸ್ವಿಚ್ ಅದನ್ನು ಓಡಿಸಬೇಕು. ಇಲ್ಲವೇ ಎಸಿ ಕಂಪ್ರೆಸರ್ ಓಡುವಾಗ ಅದರ ಜೊತೆ ತಿರುಗಬೇಕು. ನನ್ನದರಲ್ಲಿ ಆ ಸ್ವಿಚ್ ಸತ್ತಿತ್ತು. ಅಂದರೆ ಇಂಜಿನ್ನಿಗೆ ಗಾಳಿ ಸಿಗುತ್ತಿದ್ದದ್ದೇ ಎಸಿ ದಯೆಯಿಂದ. ಒಳಗೆ ತಣ್ಣಗಾಗಿ ಕಂಪ್ರೆಸರ್ ಕಟ್ ಆದರೆ ಫ್ಯಾನೂ ನಿಲ್ಲುತ್ತಿತ್ತು, ಮುಳ್ಳು ಅಲ್ಲಾಡುತ್ತಿತ್ತು. ನಾನು ಗಾಬರಿಯಾಗಿ ಎಸಿ ಆಫ್ ಮಾಡುತ್ತಿದ್ದೆ. ಇದ್ದ ಒಂದು ದಾರಿಯನ್ನೂ ನನ್ನ ಕೈಯಾರೆ ಮುಚ್ಚುತ್ತಿದ್ದೆ.

ಒಂದು ಬೇಸಿಗೆ ಮಧ್ಯಾಹ್ನ ಹೀಗೇ ಎಸಿ ಆಫ್ ಮಾಡಿ ಕಿಟಕಿ ಇಳಿಸಿದೆ. "ಈ ಬಿಸಿಲಲ್ಲಿ ಯಾಕೋ ಆಫ್ ಮಾಡ್ದೆ" ಅಂತ ಹಿಂದೆ ಕೂತಿದ್ದ ಅಮ್ಮ ಬೈದರು. ಅವರ ಮಾತು ಕೇಳಿ ಆನ್ ಮಾಡಿದ್ದರೆ ಬಚಾವಾಗುತ್ತಿದ್ದೆನೇನೋ! ಮುಳ್ಳು ಕೆಂಪಿಗೆ ಹೋಯಿತು, ಆಮೇಲೆ ಇದ್ದಕ್ಕಿದ್ದಂತೆ ಕೆಳಗೆ ಬಿತ್ತು. ಅಬ್ಬಾ, ತಣ್ಣಗಾಯ್ತು ಅಂದುಕೊಂಡು ಓಡಿಸಿದೆ. ಅಸಲಿಗೆ ಕೂಲೆಂಟ್ ಕುದಿದು ಹೊರಗೆ ಹೋಗಿತ್ತು. ಸೆನ್ಸರ್ ಸುತ್ತ ನೀರೇ ಇರಲಿಲ್ಲ, ಇನ್ನು ಮುಳ್ಳು ಏನು ತೋರಿಸೀತು? ಹೆಡ್ ಗ್ಯಾಸ್ಕೆಟ್, ಅಂದರೆ ಇಂಜಿನ್ನಿಗೂ ಅದರ ಮೇಲಿನ ಹೆಡ್ಡಿಗೂ ನಡುವಿನ ಸೀಲ್, ಹೋಯಿತು. ಹೆಡ್ ಬೆಂಡ್ ಆಗಿ ಫೇಸಿಂಗ್‌ಗೆ (ಉಜ್ಜಿ ಸಮತಟ್ಟು ಮಾಡಿಸಲು) ಕಳಿಸಬೇಕಾಯಿತು.

ಕೊನೆಗೆ ಕಾಯಿಲೆ ಹಿಡಿದದ್ದು ಒಬ್ಬ ಆಟೋ ಎಲೆಕ್ಟ್ರಿಷಿಯನ್. ಇಗ್ನಿಷನ್ ಆನ್ ಇಟ್ಟು, ಫ್ಯಾನ್ ಸ್ವಿಚ್ಚಿನ ಕನೆಕ್ಟರ್ ಕಿತ್ತರು. ಜೇಬಿನಿಂದ ಒಂದು ತುಂಡು ವೈರ್ ತೆಗೆದು ಕನೆಕ್ಟರಿನ ಎರಡು ತೂತಿಗೆ ಸಿಕ್ಕಿಸಿದರು. ಫ್ಯಾನ್ ಗುರ್ ಅಂತ ತಿರುಗಿತು. "ಇಷ್ಟೇ ಸಾರ್" ಅಂದರು. ಬದಲಿಸಿದ್ದು ಹೆಬ್ಬೆರಳು ಗಾತ್ರದ ಸ್ವಿಚ್, ಅದರ ಬೆಲೆ ಕೆಲವು ನೂರು ರೂಪಾಯಿ.

ನಿಮ್ಮ ವಿಷಯಕ್ಕೆ ಬರುತ್ತೇನೆ. ಕಾರು ಓಡುವಾಗ ಎದುರು ಗಾಳಿಯೇ ರೇಡಿಯೇಟರ್ ತಣ್ಣಗಿಡುತ್ತದೆ. ನಿಂತಾಗ ಆ ಕೆಲಸ ಪೂರ್ತಿ ಫ್ಯಾನಿನದು. ರೇಡಿಯೇಟರ್ ಒಳಗೆ ಕಟ್ಟಿಕೊಂಡಿದ್ದರೆ ಅಥವಾ ವಾಟರ್ ಪಂಪ್ ಹೋಗಿದ್ದರೆ ಶಿರಾಡಿ ಘಾಟಿ ಹತ್ತುವಾಗಲೇ ಗೊತ್ತಾಗುತ್ತಿತ್ತು. ಥರ್ಮೋಸ್ಟಾಟ್ ಮುಚ್ಚಿಕೊಂಡೇ ಕೂತಿದ್ದರೆ ಹೈವೇಯಲ್ಲೂ ಕುದಿಯುತ್ತಿತ್ತು. ಹಾಗಾಗಿ ಥರ್ಮೋಸ್ಟಾಟ್ ತೆಗೆಯೋಣ ಅನ್ನುವವರ ಹತ್ತಿರ ಕಾರು ಬಿಡಬೇಡಿ. ಇದು ನನ್ನ ಖಡಾಖಂಡಿತ ಅಭಿಪ್ರಾಯ.

ನಿಂತ ಕಾರಿನಲ್ಲಿ ಎಸಿ ಹಾಕಿ. ಫ್ಯಾನ್ ತಿರುಗಿದರೆ ಮೋಟಾರ್‌ಗೆ ಜೀವ ಇದೆ ಅಂತ ಅರ್ಥ. ಆಮೇಲೆ ಎಸಿ ಆಫ್ ಮಾಡಿ ಐಡಲಿಂಗ್‌ನಲ್ಲಿ ಬಿಡಿ, ಮುಳ್ಳಿನ ಮೇಲೆ ಕಣ್ಣಿರಲಿ. ಅರ್ಧ ದಾಟಿದರೂ ಫ್ಯಾನ್ ಮಿಸುಕದಿದ್ದರೆ ಇಂಜಿನ್ ಆಫ್ ಮಾಡಿ. ಸ್ವಿಚ್, ಸೆನ್ಸರ್ ಅಥವಾ ಅದರ ವೈರಿನಲ್ಲೇ ಕಳ್ಳ ಇರುವುದು. ಎಸಿ ಹಾಕಿದರೂ ತಿರುಗದಿದ್ದರೆ ಫ್ಯೂಸ್, ರಿಲೇ (ಫ್ಯಾನಿಗೆ ಕರೆಂಟ್ ಬಿಡುವ ಸ್ವಿಚ್) ನೋಡಿ. ಅವೆರಡೂ ಸರಿಯಿದ್ದರೆ ಮೋಟಾರ್‌ಗೆ ಬ್ಯಾಟರಿಯಿಂದ ನೇರ ಕರೆಂಟ್ ಕೊಟ್ಟು ನೋಡಲು ಎಲೆಕ್ಟ್ರಿಷಿಯನ್‌ಗೆ ಹೇಳಿ. ಹೊಸ ಕಾರುಗಳಲ್ಲಿ ಫ್ಯಾನ್ ಓಡಿಸುವುದು ಇಸಿಎಂ, ಅಂದರೆ ಇಂಜಿನ್ನಿನ ಕಂಪ್ಯೂಟರ್. ಅಲ್ಲಿ ವೈರ್ ಸಿಕ್ಕಿಸುವ ಸಾಹಸ ಬೇಡ, ಸ್ಕ್ಯಾನರ್ ಹಾಕಿಸಿ. ಫ್ಯಾನ್ ಹತ್ತಿರ ಕೈ ಒಯ್ಯಬೇಡಿ, ಇಂಜಿನ್ ಆಫ್ ಇದ್ದರೂ ಕೆಲವು ಕಾರುಗಳಲ್ಲಿ ಅದು ತಟ್ಟನೆ ಶುರುವಾಗುತ್ತದೆ.

ಫ್ಯಾನ್ ಚೆನ್ನಾಗಿ ತಿರುಗಿಯೂ ಬಿಸಿಯಾದರೆ ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವೆ ಟಾರ್ಚ್ ಹಿಡಿದು ನೋಡಿ. ಧೂಳು, ಹುಳ ಸೇರಿ ಗಾಳಿ ದಾಟದ ಹಾಗೆ ಕಟ್ಟಿಕೊಂಡಿರುತ್ತದೆ.

ರೇಡಿಯೇಟರ್ ಕ್ಯಾಪ್ ಕೂಡ ನೋಡಿ. ಅದನ್ನು ಯಾರೂ ಲೆಕ್ಕಕ್ಕೇ ಇಡುವುದಿಲ್ಲ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ. 0.9 ಬಾರ್ (ಒತ್ತಡದ ಅಳತೆ) ಕ್ಯಾಪ್ ಒತ್ತಡ ಹಿಡಿದಿಟ್ಟರೆ ಕುದಿಯುವ ಮಟ್ಟ 115 ಡಿಗ್ರಿ ದಾಟುತ್ತದೆ. ಕ್ಯಾಪಿನ ರಬ್ಬರ್ ಹೋಗಿದ್ದರೆ ಫ್ಯಾನ್ ಆನ್ ಆಗುವ ಹೊತ್ತಿಗೇ ಒಳಗೆ ಕುದಿ ಶುರುವಾಗಿರುತ್ತದೆ. ಬಿಸಿ ಇರುವಾಗ ಮಾತ್ರ ಕ್ಯಾಪ್ ತೆಗೆಯಬೇಡಿ, ಮುಖ ಸುಡುತ್ತದೆ.

ಯಾವ ಕಾರು, ಯಾವ ವರ್ಷದ್ದು ಅಂತ ನೀವು ಬರೆದಿಲ್ಲ. ತಿಳಿಸಿದರೆ ಫ್ಯಾನ್ ರಿಲೇ ಎಲ್ಲಿರುತ್ತದೆ ಅಂತ ಹುಡುಕಿ ಹೇಳುತ್ತೇನೆ.