ಓದುಗರ ಪ್ರಶ್ನೆಗೆ ಉತ್ತರ: ಅಂಗಾಂಶವನ್ನು ಗುರುತಿಸುವುದು ಹೇಗೆ?

ಈ ಸಂಚಿಕೆಗೆ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಪ್ರಾಣಿ ಅಂಗಾಂಶಗಳ ಬಗ್ಗೆಯೇ ಇದ್ದವು. ಒಂದೇ ವಿಷಯವನ್ನು ಹಲವರು ಕೇಳಿದ್ದರಿಂದ ಕೆಲವು ಪ್ರಶ್ನೆಗಳನ್ನು ಒಟ್ಟುಗೂಡಿಸಿದ್ದೇವೆ.

ಪ್ರಶ್ನೆ: ಅನುಲೇಪಕ, ಸಂಯೋಜಕ, ಸ್ನಾಯು, ನರ ಎಂದು ನಾಲ್ಕು ಬಗೆಗಳನ್ನು ಬಾಯಿಪಾಠ ಮಾಡಿದ್ದೇನೆ. ಆದರೆ ಸ್ಲೈಡ್ ಮುಂದಿಟ್ಟು ಇದು ಯಾವುದು ಎಂದರೆ ಏನೂ ತೋಚುವುದಿಲ್ಲ. ಎಲ್ಲಿಂದ ಶುರು ಮಾಡಲಿ?

ಹೆಸರುಗಳನ್ನು ಬದಿಗಿಟ್ಟು, ಮೊದಲು ಕೋಶ ಮತ್ತು ಕೋಶದ ನಡುವಿನ ಜಾಗವನ್ನು ನೋಡಿ. ಕೋಶಗಳು ಒತ್ತೊತ್ತಾಗಿ, ನಡುವೆ ಏನೂ ಇಲ್ಲದಂತೆ ಹಾಸಿಕೊಂಡಿವೆಯೇ? ಹಾಸಿನ ಒಂದು ಬದಿ ಖಾಲಿ ಜಾಗಕ್ಕೆ ತೆರೆದುಕೊಂಡಿದೆಯೇ? ಹಾಗಿದ್ದರೆ ಅದು ಅನುಲೇಪಕ ಅಂಗಾಂಶ. ಅದರ ಇನ್ನೊಂದು ಬದಿ ತೆಳ್ಳನೆಯ ಆಧಾರ ಪೊರೆಯ ಮೇಲೆ ಕೂತಿರುತ್ತದೆ. ಕೋಶಗಳು ದೂರ ದೂರ ಚದುರಿದ್ದು, ನಡುವೆ ನಾರು, ಲೋಳೆಯಂಥ ವಸ್ತು, ಗಡುಸಾದ ಖನಿಜ ಅಥವಾ ದ್ರವ ತುಂಬಿದ್ದರೆ ಅದು ಸಂಯೋಜಕ ಅಂಗಾಂಶ. ನಡುವೆ ತುಂಬಿರುವ ಈ ವಸ್ತುವೇ ಮಾತೃಕೆ. ಸಂಯೋಜಕ ಅಂಗಾಂಶದ ಗುಣವನ್ನು ಕೋಶಕ್ಕಿಂತ ಹೆಚ್ಚಾಗಿ ನಿರ್ಧರಿಸುವುದು ಇದೇ.

ಕೋಶಗಳೆಲ್ಲ ಉದ್ದುದ್ದ, ಒಂದೇ ದಿಕ್ಕಿಗೆ ಮಲಗಿದ್ದರೆ ಸ್ನಾಯು ಇರಬಹುದು ಎಂದುಕೊಳ್ಳಿ. ದೊಡ್ಡ ಕೋಶಕಾಯದಿಂದ ಬಾಲಗಳು ಹೊರಟು, ಸುತ್ತ ಪುಟ್ಟ ಪುಟ್ಟ ಕೋಶಕೇಂದ್ರಗಳು ಚೆಲ್ಲಿಕೊಂಡಿದ್ದರೆ ಅದು ನರ ಅಂಗಾಂಶ. ಇಷ್ಟಾದ ಮೇಲೆ ಇನ್ನೊಂದು ವಿಷಯ ಪರೀಕ್ಷಿಸಿ: ಒಳಗೆ ರಕ್ತನಾಳ ಇದೆಯೇ? ಪಠ್ಯದಲ್ಲಿ ಇದಕ್ಕೆ ಹೆಚ್ಚು ಜಾಗ ಸಿಗದಿರಬಹುದು. ಆದರೆ ಗಾಯವಾದಾಗ ಅಂಗಾಂಶ ಹೇಗೆ ವರ್ತಿಸುತ್ತದೆ ಎಂಬುದು ಬಹುಪಾಲು ಇದರ ಮೇಲೇ ನಿಂತಿದೆ. ಮುಂದಿನ ಉತ್ತರಗಳಲ್ಲಿ ಇದು ಮತ್ತೆ ಬರುತ್ತದೆ.

ಪ್ರಶ್ನೆ: ಕೆನ್ನೆಯ ಒಳಗಿನ ಕೋಶಗಳ ಸ್ಲೈಡ್ ಮಾಡಿಸುವಾಗ ಅರ್ಧ ತರಗತಿಗೆ ಬರೀ ನೀಲಿ ಮಸಿ ಕಾಣುತ್ತದೆ, ಉಳಿದವರಿಗೆ ಕಪ್ಪು ಉಂಗುರಗಳು. ತಪ್ಪುತ್ತಿರುವುದು ಎಲ್ಲಿ?

ನೀಲಿ ಮಸಿಗೆ ಕಾರಣ ಬಣ್ಣ ಹೆಚ್ಚಾಗಿರುವುದು. ದಪ್ಪ ಅಂಚಿನ ಕಪ್ಪು ಉಂಗುರಗಳು ಗಾಳಿಗುಳ್ಳೆಗಳು. ಎರಡನ್ನೂ ತಪ್ಪಿಸಬಹುದು.

ಮೊದಲು ಬಾಯಿ ಮುಕ್ಕಳಿಸಲು ಹೇಳಿ, ಇಲ್ಲದಿದ್ದರೆ ಆಹಾರದ ಚೂರುಗಳೇ ಕಾಣುತ್ತವೆ. ಸ್ಲೈಡಿನ ಮಧ್ಯದಲ್ಲಿ 0.9% ಉಪ್ಪುನೀರಿನ ಒಂದು ಹನಿ ಹಾಕಿ. 0.9 ಗ್ರಾಂ ಉಪ್ಪನ್ನು ನೀರಿನಲ್ಲಿ ಕರಗಿಸಿ ಒಟ್ಟು 100 ಮಿ.ಲೀ. ಮಾಡಿಕೊಂಡರೆ ಈ ದ್ರಾವಣ ಸಿದ್ಧ. ಬರೀ ನೀರು ಹಾಕಿದರೆ ಕೋಶಗಳು ನೀರು ಹೀರಿ ಉಬ್ಬುತ್ತವೆ. ಹಲ್ಲುಕಡ್ಡಿಯ ಮೊಂಡು ತುದಿಯಿಂದ ಕೆನ್ನೆಯ ಒಳಬದಿಯನ್ನು ಮೆಲ್ಲಗೆ ಕೆರೆದು, ಆ ತುದಿಯನ್ನು ಹನಿಯಲ್ಲಿ ಆಡಿಸಿ ತೆಳುವಾಗಿ ಹರಡಿ. ಹೆಚ್ಚು ಕೆರೆದರೆ ಚೆನ್ನಾಗಿ ಕಾಣುತ್ತದೆ ಎಂದು ಮಕ್ಕಳು ಭಾವಿಸುತ್ತಾರೆ. ಆದರೆ ಆಗ ಕೋಶಗಳು ಒಂದರ ಮೇಲೊಂದು ರಾಶಿ ಬಿದ್ದು ಯಾವುದೂ ಸರಿಯಾಗಿ ಕಾಣುವುದಿಲ್ಲ. ಮಿಥಿಲೀನ್ ಬ್ಲೂ ಒಂದು ಪುಟ್ಟ ಹನಿ ಸೇರಿಸಿ ಒಂದೆರಡು ನಿಮಿಷ ಬಿಡಿ. ಕವರ್ ಸ್ಲಿಪ್ಪಿನ ಒಂದು ಅಂಚನ್ನು ಹನಿಗೆ ತಾಗಿಸಿ, ಸುಮಾರು 45 ಡಿಗ್ರಿ ಓರೆಯಲ್ಲಿ ಹಿಡಿದು, ಸೂಜಿಯ ಆಸರೆಯಲ್ಲಿ ನಿಧಾನವಾಗಿ ಇಳಿಸಿ. ಒಮ್ಮೆಗೇ ಬೀಳಿಸಿದರೆ ಅಡಿಯಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ.

ಬಣ್ಣ ಹೆಚ್ಚಾದರೆ ಸ್ಲೈಡನ್ನು ಎಸೆಯಬೇಡಿ. ಕವರ್ ಸ್ಲಿಪ್ಪಿನ ಒಂದು ಬದಿಗೆ ಉಪ್ಪುನೀರಿನ ಹನಿ ಇಟ್ಟು, ಎದುರು ಬದಿಗೆ ಸೋಸುಕಾಗದದ ತುಂಡು ತಾಗಿಸಿ. ಕಾಗದ ಹೀರಿದಂತೆ ಹೊಸ ನೀರು ಒಳಬಂದು ಹೆಚ್ಚಿನ ಬಣ್ಣ ಹೊರಹೋಗುತ್ತದೆ. 10× ಮಸೂರದಲ್ಲಿ ಕೋಶ ಹುಡುಕಿಕೊಂಡ ನಂತರವೇ 40×ಗೆ ಹೋಗಿ. ಏನೂ ಕಾಣದಿದ್ದರೆ ಬೆಳಕು ಹೆಚ್ಚಾಗಿರಬಹುದು, ಸೂಕ್ಷ್ಮದರ್ಶಕದಲ್ಲಿ ಬೆಳಕನ್ನು ಹೆಚ್ಚುಕಡಿಮೆ ಮಾಡುವ ಡಯಾಫ್ರಮ್ ಸ್ವಲ್ಪ ಮುಚ್ಚಿ. ಮಡಚಿದ ಅಂಚಿನ ಅಗಲವಾದ ಚಪ್ಪಟೆ ಕೋಶ, ಅದರೊಳಗೆ ಒಂದೇ ಒಂದು ಗಾಢ ನೀಲಿ ಕೋಶಕೇಂದ್ರ ಕಾಣಬೇಕು. ಕೋಶದ ಮೇಲೆ ಅಲ್ಲಲ್ಲಿ ಚುಕ್ಕಿಗಳಂತೆ ಕಾಣುವವು ಬ್ಯಾಕ್ಟೀರಿಯಾ, ಅವನ್ನು ಕೋಶಕೇಂದ್ರ ಎಂದು ಬರೆಯುವುದು ಸಾಮಾನ್ಯ ತಪ್ಪು. ಒಬ್ಬರು ಬಳಸಿದ ಕಡ್ಡಿಯನ್ನು ಇನ್ನೊಬ್ಬರು ಮುಟ್ಟಬಾರದು. ಬಳಸಿದ್ದೆಲ್ಲ ನೇರವಾಗಿ ಬ್ಲೀಚಿಂಗ್ ದ್ರಾವಣಕ್ಕೆ ಹೋಗಬೇಕು.

ಒಂದು ಮಾತನ್ನು ಮಕ್ಕಳಿಗೆ ತಪ್ಪದೆ ಹೇಳಿ: ಕೆರೆದಾಗ ಬಂದದ್ದು ಮೇಲ್ಪದರದಿಂದ ಕಳಚಿದ ಬಿಡಿ ಕೋಶಗಳು. ಕೆನ್ನೆಯ ಒಳಪದರದಲ್ಲಿ ಇಂಥ ಅನೇಕ ಸಾಲುಗಳಿವೆ. ತಳದ ಸಾಲು ಸದಾ ವಿಭಜಿಸುತ್ತ ಹೊಸ ಕೋಶಗಳನ್ನು ಮೇಲಕ್ಕೆ ತಳ್ಳುತ್ತಿರುತ್ತದೆ. ಅಗಿಯುವಾಗ ಉಜ್ಜಿ ಸವೆಯುವ ಜಾಗವಾದ್ದರಿಂದ ಸಾಲುಗಳು ಹಲವು ಬೇಕು. ಶ್ವಾಸಕೋಶದ ವಾಯುಕೋಶದಲ್ಲಿ ಉಜ್ಜಾಟವಿಲ್ಲ, ಆಮ್ಲಜನಕ ದಾಟಬೇಕು ಅಷ್ಟೇ. ಅಲ್ಲಿ ಒಂದೇ ಸಾಲು. ಗಾಳಿಗೂ ರಕ್ತಕ್ಕೂ ನಡುವಿನ ತಡೆ ಬಹಳ ಕಡೆ 1 ಮೈಕ್ರೋಮೀಟರ್‌ಗಿಂತ ತೆಳು. ಸಣ್ಣ ಕರುಳಿನಲ್ಲಿ ಹೀರುವ ಕೆಲಸವೂ ಇರುವುದರಿಂದ ಎತ್ತರದ ಸ್ತಂಭಾಕಾರದ ಕೋಶಗಳಿವೆ, ಅವುಗಳ ತುದಿಯ ತುಂಬ ಸೂಕ್ಷ್ಮ ಎಳೆಗಳಿವೆ. ಈ ಕೋಶಗಳು ಮೂರರಿಂದ ಐದು ದಿನಗಳಲ್ಲಿ ಉದುರಿ ಹೊಸವು ಬರುತ್ತವೆ.

ಪ್ರಶ್ನೆ: ರಕ್ತ ಯಾವುದನ್ನೂ ಜೋಡಿಸುವುದಿಲ್ಲ. ಮತ್ತೇಕೆ ಅದು ಸಂಯೋಜಕ ಅಂಗಾಂಶ?

ಮೂಳೆ, ಮೃದ್ವಸ್ಥಿಗಳಂತೆ ರಕ್ತವೂ ಭ್ರೂಣದ ಮಧ್ಯಪದರದಿಂದ ಹುಟ್ಟುತ್ತದೆ. ಕೋಶಗಳು ಬಿಡಿಬಿಡಿಯಾಗಿ ಮಾತೃಕೆಯಲ್ಲಿ ಇರುತ್ತವೆ ಎಂಬ ಲಕ್ಷಣವೂ ಹೊಂದುತ್ತದೆ. ಇಲ್ಲಿ ಮಾತೃಕೆ ಎಂದರೆ ಪ್ಲಾಸ್ಮಾ, ರಕ್ತದ ಸುಮಾರು 55% ಭಾಗ. ನಾರು ಎಲ್ಲಿ ಎಂದು ಕೇಳಿದರೆ, ಅದು ಫೈಬ್ರಿನೋಜೆನ್ ಎಂಬ ಪ್ರೋಟೀನಾಗಿ ಪ್ಲಾಸ್ಮಾದಲ್ಲಿ ಕರಗಿಕೊಂಡಿದೆ. ಗಾಯವಾಗಿ ರಕ್ತ ಹೆಪ್ಪುಗಟ್ಟುವಾಗ ಫೈಬ್ರಿನ್ ನಾರಾಗಿ ಹೊರಬರುತ್ತದೆ.

ಆದರೂ ನಿಮ್ಮ ಅನುಮಾನದಲ್ಲಿ ಹುರುಳಿದೆ. ಮೂಳೆಯ ಮಾತೃಕೆಯನ್ನು ಮೂಳೆಯ ಕೋಶಗಳೇ ಸ್ರವಿಸುತ್ತವೆ. ಪ್ಲಾಸ್ಮಾವನ್ನು ರಕ್ತಕಣಗಳು ತಯಾರಿಸುವುದಿಲ್ಲ, ಅದರ ಪ್ರೋಟೀನುಗಳಲ್ಲಿ ಹೆಚ್ಚಿನವು ಯಕೃತ್ತಿನಿಂದ ಬರುತ್ತವೆ. ಹಾಗಿದ್ದರೂ ಮೂಳೆ, ಮೃದ್ವಸ್ಥಿಗಳ ಜೊತೆಗೆ ರಕ್ತವನ್ನೂ ‘ವಿಶೇಷ’ ಸಂಯೋಜಕ ಅಂಗಾಂಶ ಎಂದೇ ವರ್ಗೀಕರಿಸುತ್ತಾರೆ.

ಪ್ರಶ್ನೆ: ಮುರಿದ ಮೂಳೆ ಕೂಡುತ್ತದೆ. ಮೂಳೆಗಿಂತ ಮೆತ್ತಗಿರುವ ಮಂಡಿಯ ಮೃದ್ವಸ್ಥಿ ಹರಿದರೆ ಮಾತ್ರ ಸರಿಹೋಗುವುದು ಕಷ್ಟ ಎನ್ನುತ್ತಾರೆ. ಇದು ತಲೆಕೆಳಗಾಗಿಲ್ಲವೇ?

ಗಟ್ಟಿತನಕ್ಕೂ ಗುಣವಾಗುವುದಕ್ಕೂ ಸಂಬಂಧವಿಲ್ಲ, ರಕ್ತ ಪೂರೈಕೆಗೆ ಸಂಬಂಧವಿದೆ. ಮೂಳೆ ಕಲ್ಲಿನಂತೆ ಕಂಡರೂ ಅದರೊಳಗೆ ಉದ್ದಕ್ಕೂ ಹ್ಯಾವರ್ಸಿಯನ್ ನಾಳಗಳಿವೆ, ಅವುಗಳಲ್ಲಿ ರಕ್ತನಾಳ ಮತ್ತು ನರ ಹರಿಯುತ್ತವೆ. ನಾಳದ ಸುತ್ತ ಮಾತೃಕೆ ವರ್ತುಲ ವರ್ತುಲವಾಗಿ ಕೂತಿದೆ. ವರ್ತುಲಗಳ ನಡುವಿನ ಪುಟ್ಟ ಕುಳಿಗಳಲ್ಲಿ ಮೂಳೆಕೋಶಗಳಿದ್ದು, ಕೂದಲೆಳೆಗಿಂತ ಸಣ್ಣ ಕಾಲುವೆಗಳ ಮೂಲಕ ಒಂದಕ್ಕೊಂದು ತಾಗಿಕೊಂಡಿರುತ್ತವೆ. ಮೂಳೆ ಮುರಿದಾಗ ಮೊದಲು ರಕ್ತ ಹೆಪ್ಪುಗಟ್ಟುತ್ತದೆ, ಕೆಲವು ವಾರಗಳಲ್ಲಿ ಮೆತ್ತನೆಯ ಬೆಸುಗೆ ಬೆಳೆಯುತ್ತದೆ, ಅದು ಗಡುಸಾಗುತ್ತದೆ, ನಂತರ ತಿಂಗಳುಗಟ್ಟಲೆ ತಿದ್ದುಪಡಿ ನಡೆದು ಬಹುತೇಕ ಹಳೆಯ ರೂಪಕ್ಕೆ ಬರುತ್ತದೆ.

ಮೃದ್ವಸ್ಥಿಯಲ್ಲಿ ಸಾಮಾನ್ಯವಾಗಿ ರಕ್ತನಾಳವೂ ಇಲ್ಲ, ನರವೂ ಇಲ್ಲ. ಕೀಲಿನ ತುದಿಯ ಮೃದ್ವಸ್ಥಿಗೆ ಆಹಾರ ಸಿಗುವುದು ಮುಖ್ಯವಾಗಿ ಕೀಲಿನ ದ್ರವದಿಂದ, ಅದೂ ಮಾತೃಕೆಯ ಮೂಲಕ ನಿಧಾನವಾಗಿ ಇಂಗಿ. ನಡೆಯುವಾಗ ಒತ್ತಡ ಬಿದ್ದು ಬಿಟ್ಟು ಆಗುವುದರಿಂದ ಈ ದ್ರವದ ಓಡಾಟಕ್ಕೆ ನೆರವು ಸಿಗುತ್ತದೆ. ಗಾಯವಾದರೆ ಹೆಪ್ಪುಗಟ್ಟಲು ರಕ್ತವಿಲ್ಲ, ದುರಸ್ತಿಯ ಕೋಶಗಳು ಬರಲು ದಾರಿಯಿಲ್ಲ. ಮಂಡಿಯೊಳಗಿನ ಮೆನಿಸ್ಕಸ್ ಎಂಬ ಅರ್ಧಚಂದ್ರಾಕಾರದ ಮೃದ್ವಸ್ಥಿಯಲ್ಲಿ ಹೊರ ಅಂಚಿಗೆ ಮಾತ್ರ ರಕ್ತನಾಳಗಳು ತಲುಪುತ್ತವೆ. ಹೊರ ಅಂಚಿನಲ್ಲಿ ಹರಿದದ್ದು ಕೂಡಿಕೊಳ್ಳುವ ಸಾಧ್ಯತೆ ಹೆಚ್ಚು, ಒಳ ಅಂಚಿನಲ್ಲಿ ಹರಿದದ್ದು ಕೂಡಿಕೊಳ್ಳುವುದು ಕಡಿಮೆ ಎಂಬುದಕ್ಕೆ ಇದೇ ಕಾರಣ. ಮೂಳೆಯಿಂದ ಮೂಳೆಗೆ ಇರುವ ಅಸ್ಥಿರಜ್ಜು, ಸ್ನಾಯುವಿನಿಂದ ಮೂಳೆಗೆ ಇರುವ ಸ್ನಾಯುರಜ್ಜು ಇವೆರಡರಲ್ಲೂ ರಕ್ತನಾಳಗಳು ವಿರಳ. ಅವುಗಳ ಗಾಯ ನಿಧಾನವಾಗಿ ಮಾಗುತ್ತದೆ.

ಮೂಳೆಯ ಮಾತೃಕೆಯನ್ನು ಕೈಯಲ್ಲೇ ಹಿಡಿದು ನೋಡಬೇಕೆಂದರೆ ಸುಲಭದ ಪ್ರಯೋಗವಿದೆ. ಕೋಳಿಯ ಕಾಲಿನ ಸಣ್ಣ ಮೂಳೆಯನ್ನು ಚೆನ್ನಾಗಿ ತೊಳೆದು, ಮುಳುಗುವಷ್ಟು ವಿನೆಗರ್‌ನಲ್ಲಿ ಇಡಿ. ಮುಚ್ಚಳ ಸಡಿಲವಾಗಿರಲಿ, ಎರಡು ದಿನಕ್ಕೊಮ್ಮೆ ವಿನೆಗರ್ ಬದಲಿಸಿ. ಸುಮಾರು ಒಂದು ವಾರದಲ್ಲಿ ಮೂಳೆ ರಬ್ಬರಿನಂತೆ ಬಾಗುತ್ತದೆ. ಆಮ್ಲವು ಕ್ಯಾಲ್ಸಿಯಂ ಲವಣವನ್ನು ಕರಗಿಸಿ ಕೊಲಾಜೆನ್ ನಾರನ್ನು ಉಳಿಸಿದೆ. ಇನ್ನೂ ಬಾಗದಿದ್ದರೆ ಮೂಳೆ ದಪ್ಪನಾಗಿದೆ, ಇನ್ನೊಂದಿಷ್ಟು ದಿನ ಬೇಕು.

ಪ್ರಶ್ನೆ: ಮೂರು ಬಗೆಯ ಸ್ನಾಯುಗಳನ್ನು ಚಿತ್ರದಲ್ಲಿ ಗುರುತಿಸುತ್ತೇನೆ, ಅಡ್ಡ ಸೀಳಿಕೆ ಕೊಟ್ಟರೆ ಎಲ್ಲವೂ ದುಂಡಗೆ ಕಾಣುತ್ತವೆ. ಉಪಾಯವೇನು?

ಉದ್ದ ಸೀಳಿಕೆಯಲ್ಲಿ ಕಾಣುವ ಅಡ್ಡ ಪಟ್ಟೆಗಳನ್ನು ಅಡ್ಡ ಸೀಳಿಕೆಯಲ್ಲಿ ಹುಡುಕಬೇಡಿ, ಸಿಗುವುದಿಲ್ಲ. ಕೋಶಕೇಂದ್ರ ಎಲ್ಲಿದೆ ನೋಡಿ. ಮೂಳೆಗೆ ಅಂಟಿದ ಅಸ್ಥಿ ಸ್ನಾಯುವಿನಲ್ಲಿ ಕೋಶಕೇಂದ್ರಗಳು ಹಲವು, ಎಲ್ಲವೂ ಅಂಚಿಗೆ ಒತ್ತರಿಸಿರುತ್ತವೆ. ಹೃದಯ ಸ್ನಾಯುವಿನಲ್ಲಿ ಒಂದು ಅಥವಾ ಎರಡು, ಅವು ನಡುವೆ. ಕರುಳಿನಂಥ ಒಳ ಅಂಗಗಳ ಗೋಡೆಯಲ್ಲಿರುವ ನಯ ಸ್ನಾಯುವಿನ ಕೋಶ ಕದಿರಿನಾಕಾರದ್ದು. ಹಾಗಾಗಿ ಸೀಳಿಕೆ ಕೆಲವು ಕೋಶಗಳ ದಪ್ಪ ನಡುವನ್ನು, ಕೆಲವುಗಳ ಚೂಪು ತುದಿಯನ್ನು ಕತ್ತರಿಸುತ್ತದೆ. ದೊಡ್ಡ, ಚಿಕ್ಕ ವೃತ್ತಗಳು ಬೆರೆತಿದ್ದು, ಅವುಗಳಲ್ಲಿ ಹಲವಕ್ಕೆ ಕೋಶಕೇಂದ್ರವೇ ಇಲ್ಲದಿದ್ದರೆ ಅದು ನಯ ಸ್ನಾಯು. ಉದ್ದ ಸೀಳಿಕೆ ಸಿಕ್ಕರೆ ಕವಲೊಡೆದ ಕೋಶಗಳನ್ನೂ, ಕೋಶಗಳು ಕೂಡುವಲ್ಲಿ ಅಡ್ಡಕ್ಕಿರುವ ಗಾಢ ಗೆರೆಗಳನ್ನೂ ಹುಡುಕಿ. ಈ ಗೆರೆಗಳಿರುವುದು ಹೃದಯದಲ್ಲಿ ಮಾತ್ರ. ಅವುಗಳ ಮೂಲಕ ವಿದ್ಯುತ್ ಸಂಕೇತ ಕೋಶದಿಂದ ಕೋಶಕ್ಕೆ ನೇರವಾಗಿ ದಾಟುವುದರಿಂದಲೇ ಹೃದಯದ ಗೋಡೆ ಒಟ್ಟಾಗಿ ಸಂಕುಚಿಸುತ್ತದೆ.

ಪಟ್ಟೆ ಇದ್ದರೆ ಐಚ್ಛಿಕ ಎಂದು ಕಣ್ಣುಮುಚ್ಚಿ ಬರೆಯಬೇಡಿ. ಹೃದಯ ಸ್ನಾಯುವಿಗೆ ಪಟ್ಟೆಯಿದೆ, ಆದರೆ ಅದು ಅನೈಚ್ಛಿಕ.

ಪ್ರಶ್ನೆ: ತುಂಡಾದ ನರ ಮತ್ತೆ ಬೆಳೆಯುತ್ತದೆಯೇ?

ಕೈಕಾಲಿನ ನರವಾದರೆ ಬೆಳೆಯಬಲ್ಲದು, ಕೋಶಕಾಯ ಉಳಿದಿರಬೇಕು ಮತ್ತು ತುಂಡಾದ ತುದಿಗಳು ಸರಿಯಾಗಿ ಎದುರುಬದುರಾಗಿರಬೇಕು. ಆಕ್ಸಾನ್, ಅಂದರೆ ನರಕೋಶದ ಉದ್ದನೆಯ ಬಾಲ, ಬೆಳೆಯುವ ವೇಗ ದಿನಕ್ಕೆ ಸುಮಾರು 1 ಮಿ.ಮೀ. ಗಾಯದಿಂದ ಬೆರಳತುದಿಗೆ 30 ಸೆಂ.ಮೀ. ಇದ್ದರೆ ಸಂವೇದನೆ ಮರಳಲು ಹತ್ತು ತಿಂಗಳಾದರೂ ಬೇಕು. ಅಷ್ಟರೊಳಗೆ ಸ್ನಾಯು ಸೊರಗುತ್ತದೆ, ಆದ್ದರಿಂದ ತುಂಡಾದ ನರವನ್ನು ಬೇಗ ಹೊಲಿಸುವುದು ಮುಖ್ಯ. ಈ ನರಗಳ ಹೊದಿಕೆ ಮಾಡುವ ಶ್ವಾನ್ ಕೋಶಗಳು ಗಾಯದ ನಂತರ ಸಾಲುಗಟ್ಟಿ ದಾರಿ ತೋರಿಸುತ್ತವೆ. ಮಿದುಳು ಮತ್ತು ಮಿದುಳುಬಳ್ಳಿಯಲ್ಲಿ ಹೊದಿಕೆ ಮಾಡುವುದು ಬೇರೆ ಬಗೆಯ ಕೋಶ. ಅಲ್ಲಿನ ಪರಿಸರ ಬೆಳವಣಿಗೆಗೆ ಅಡ್ಡಿಯಾಗುತ್ತದೆ, ಗಾಯದ ಕಲೆಯೂ ತಡೆ ಹಾಕುತ್ತದೆ. ಮಿದುಳುಬಳ್ಳಿಯ ಪೆಟ್ಟು ಶಾಶ್ವತವಾಗುವುದು ಬಹುಮಟ್ಟಿಗೆ ಇದರಿಂದಲೇ.

ಪ್ರಶ್ನೆ: ಕೊಬ್ಬಿನ ಅಂಗಾಂಶದ ಸ್ಲೈಡಿನಲ್ಲಿ ಬರೀ ಬಿಳಿ ತೂತುಗಳು. ಸ್ಲೈಡ್ ಹಾಳಾಗಿದೆಯೇ?

ಇಲ್ಲ. ಸ್ಲೈಡ್ ತಯಾರಿಸುವಾಗ ಬಳಸುವ ಆಲ್ಕೊಹಾಲ್ ಮತ್ತು ಜೈಲೀನ್ ಕೊಬ್ಬನ್ನು ಕರಗಿಸಿಬಿಡುತ್ತವೆ. ತೂತಿನ ಅಂಚಿನಲ್ಲಿ ತೆಳ್ಳನೆಯ ಗೆರೆಯಾಗಿ ಉಳಿದಿರುವುದು ಕೋಶದ್ರವ್ಯ, ಅದರಲ್ಲಿ ಒಂದು ಕಡೆ ಚಪ್ಪಟೆಯಾದ ಕೋಶಕೇಂದ್ರ ಸಿಗುತ್ತದೆ. ಕೊಬ್ಬನ್ನೇ ನೋಡಬೇಕೆಂದರೆ ಅಂಗಾಂಶವನ್ನು ಹೆಪ್ಪುಗಟ್ಟಿಸಿ ಸೀಳಿ, ಸುಡಾನ್ ಬಣ್ಣ ಹಾಕಬೇಕು.