ಪ್ರತಿಕ್ರಿಯೆ: ವೇತಾಳ ಟೇಕಡಿಯ ಫೋಟೊಗಳು ‘ಕ್ಯಾಶುಯಲ್’ ಆಗಿಯೇ ಉಳಿದಿದ್ದರ ಬಗ್ಗೆ

ಪುಣೆಯ ವೇತಾಳ ಟೇಕಡಿ ಗುಡ್ಡದಲ್ಲಿ ನಿಮ್ಮ ಕನ್ನಡ ಗುಂಪಿನವರು ತೆಗೆದ ಫೋಟೊಗಳು, ಗಿಡ-ಪ್ರಾಣಿಗಳ ಫೋಟೊ ಹಾಕಿ ಹೆಸರು ಗುರುತಿಸುವ ತಾಣವಾದ ಐನ್ಯಾಚುರಲಿಸ್ಟ್‌ನಲ್ಲಿ ‘ಕ್ಯಾಶುಯಲ್’ (ಕೆಳಗಿನ ದರ್ಜೆ) ಆಗಿಯೇ ಉಳಿಯಲು ಕಾರಣ ಬಹುಶಃ ವಾಟ್ಸ್‌ಆ್ಯಪ್. ಎಲ್ಲರ ಫೋಟೊಗಳನ್ನೂ ಗ್ರೂಪಿನಿಂದ ಇಳಿಸಿಕೊಂಡು ನೀವೊಬ್ಬರೇ ಹಾಕಿದ್ದೀರಿ ಅಲ್ವಾ? ಹಾಗೆ ಬಂದ ಫೋಟೊದಲ್ಲಿ ತೆಗೆದ ದಿನ, ಜಾಗ ಎರಡೂ ಅಳಿಸಿಹೋಗಿರುತ್ತವೆ. ಅವಿಲ್ಲದಿದ್ದರೆ ಗಿಡದ್ದೋ ಪ್ರಾಣಿಯದ್ದೋ ಹೆಸರನ್ನು ಎಷ್ಟು ಜನ ಒಪ್ಪಿದರೂ ‘ರಿಸರ್ಚ್ ಗ್ರೇಡ್’, ಅಂದರೆ ಅಧ್ಯಯನಕ್ಕೆ ಬಳಸಬಹುದಾದ ದರ್ಜೆ, ಸಿಗುವುದಿಲ್ಲ.

ಮೊದಲು ಒಂದನ್ನು ತೆರೆದು ತಾರೀಕು, ಜಾಗ ಖಾಲಿ ಇವೆಯಾ ನೋಡಿ. ಖಾಲಿ ಇದ್ದರೆ ಎಡಿಟ್ ಒತ್ತಿ, ನೀವು ಹೋಗಿದ್ದ ದಿನ ಹಾಕಿ, ಮ್ಯಾಪಿನಲ್ಲಿ ಗುರುತು ಇಡಿ. ಸರಿಯಾದ ಜಾಗ ನೆನಪಿಲ್ಲದಿದ್ದರೆ ಸುಮ್ನೆ ಎಲ್ಲೋ ಚುಕ್ಕಿ ಇಡಬೇಡಿ, ‘ಇದರೊಳಗೆ ಎಲ್ಲೋ’ ಎಂದು ತೋರಿಸುವ ಸುತ್ತಿನ ವೃತ್ತವನ್ನು ದೊಡ್ಡದು ಮಾಡಿ. ಅದಕ್ಕಿಂತ ಒಳ್ಳೆಯದು, ನಿಮ್ಮದಲ್ಲದ ಫೋಟೊ ತೆಗೆದುಬಿಡಿ. ಕ್ಲಿಕ್ಕಿಸಿದವರೇ ತಮ್ಮ ಖಾತೆಯಲ್ಲಿ ಹಾಕಲಿ. ನಿಯಮವೂ ಅದೇ. ನಮ್ಮ ಗುಂಪಿನ ಹಿರಿಯರೊಬ್ಬರಿಗೆ ಇದನ್ನು ಕಲಿಸಲು ಒಂದು ಕಪ್ ಚಹಾದ ಹೊತ್ತು ಸಾಕಾಯಿತು.

ತಾರೀಕು, ಜಾಗ ಎಲ್ಲ ಇದ್ದೂ ಹಾಗೇ ಇದ್ದರೆ, ಅದಕ್ಕೆ ‘ನೆಟ್ಟದ್ದು’ ಅಂತ ಗುರುತು ಬಿದ್ದಿರಬಹುದು. ಟೇಕಡಿ ತುಂಬ ನೆಟ್ಟ ಗ್ಲಿರಿಸಿಡಿಯಾ, ನಮ್ಮೂರ ಕಡೆಯ ಗೊಬ್ಬರದ ಗಿಡ, ಜಾಸ್ತಿ ಇದೆ. ನೆಟ್ಟ ಗಿಡಕ್ಕೆ ರಿಸರ್ಚ್ ಗ್ರೇಡ್ ಇಲ್ಲ, ಹಾಗಾಗಿ ಅದು ಕ್ಯಾಶುಯಲ್ ಆಗಿರುವುದೇ ಸರಿ. ಬೀಜ ಬಿದ್ದು ತಾನಾಗಿ ಹುಟ್ಟಿದ್ದಾದರೆ ಆ ಗುರುತು ಬೇಡ. ಆದರೆ ಫೋಟೊ ನೋಡಿ ಎರಡನ್ನೂ ಬೇರೆ ಮಾಡಲು ನನಗಂತೂ ಬರುವುದಿಲ್ಲ. ಗಿಡದ ಮೇಲೆ ಕೂತ ಚಿಟ್ಟೆಗೂ ಅದೇ ಗುರುತು ಬಿದ್ದಿದ್ದರೆ ತೆಗೆಯಿರಿ.

ಮುಂದಿನ ಸಲ ಎಲ್ಲರ ಕ್ಯಾಮೆರಾದಲ್ಲೂ ಲೊಕೇಶನ್ ಆನ್ ಇರಲಿ. ಗ್ರೂಪಿಗೆ ಹಾಕಲೇಬೇಕಾದರೆ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ, ಆಗ ದಿನ, ಜಾಗ ಅಳಿಯುವುದಿಲ್ಲ.